ಬೆಳಿಯೋ ಹುಡುಗ, ಸ್ವಲ್ಪ ದೊಡ್ಡದ ಹೊಲೀರಿ

ಸಿಂಪಿಗರ ಅಂಗಡಿ ಮೆಟ್ಟಿಲೇರಿದ ಕೂಡಲೇ ನಮ್ಮ ಕಡೆಯ ತಾಯಂದಿರ ಬಾಯಿಂದ ಬರುವ ಮೊದಲ ಮಾತು ಇದು. ಟೇಪು ಇನ್ನೂ ಸಿಂಪಿಗನ ಕೊರಳಿನಿಂದ ಇಳಿದಿರುವುದಿಲ್ಲ, ಹುಡುಗ ಇನ್ನೂ ನೆಟ್ಟಗೆ ನಿಂತಿರುವುದಿಲ್ಲ, ಮಾತು ಆಗಲೇ ಬಂದುಬಿಟ್ಟಿರುತ್ತದೆ. ಇದರ ದೆಸೆಯಿಂದ ಧಾರವಾಡದ ಎಷ್ಟೋ ಹುಡುಗರು ಮೊಣಕಾಲು ಮುಚ್ಚುವ ಚಡ್ಡಿ, ಬೆರಳ ತುದಿ ದಾಟುವ ತೋಳು ಹೊತ್ತುಕೊಂಡೇ ಸಾಲಿ ಮುಗಿಸಿದರು. ಅಂಗಿಗೆ ಬಣ್ಣ ಇದ್ದಾಗ ಅದು ಅಣ್ಣನದು, ಅಳತೆ ಸರಿಹೋದಾಗ ತಮ್ಮನದು.

ನಮ್ಮ ಬೇಲಿಯಾಚೆ ಮನೆಯ ಸೊಸೆ ಈಗ ಈ ಮಾತಿನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾಳೆ. ಮೂರು ವರ್ಷದ ಮಗನ ತಾಯಿ. ಹಿತ್ತಲ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟು, ಸಣ್ಣಮಕ್ಕಳಿಗೂ ಅವರ ಅಪ್ಪ-ಅವ್ವಂದಿರಿಗೂ ಬಟ್ಟೆ ಹೊಲಿದು ಮಾರುವ ವಿಚಾರ ಅವಳದು. ನಾನೋ, ನಿವೃತ್ತಿಯಾಗುವ ತನಕ ಶಿಶುವಿಹಾರದಲ್ಲಿ ಊರ ಮಕ್ಕಳ ಗುಂಡಿ ಹಾಕಿ, ಗುಂಡಿ ಬಿಚ್ಚಿ, ಬೆರಳು ಸವೆಸಿದವಳು. ಹಾಗಾಗಿ ಮೆಹಂದಿ ಬೇಲಿಯ ಹತ್ತಿರ ಅರಿವೆ ಒಣಹಾಕಲು ಬಂದಾಗಲೆಲ್ಲ ಅವಳ ಬಾಯಲ್ಲಿ ಒಂದು ಕ್ಲಿಪ್ಪು, ತಲೆಯಲ್ಲಿ ಒಂದು ಪ್ರಶ್ನೆ.

‘ಅಕ್ಕೋರ, ದೊಡ್ಡದು ಹೊಲಿಯೂದು ಅಂದ್ರ ಎಷ್ಟು ದೊಡ್ಡದ್ರೀ? ಅದನ್ನ ಯಾರೂ ಹೇಳೂದs ಇಲ್ಲ.’

‘ದೊಡ್ಡದಲ್ಲ ತಂಗಿ, ಉದ್ದಂದು’ ಅಂದೆ. ‘ಕೂಸು ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇರತೈತಿ. ವರ್ಷ ತುಂಬೂದ್ರಾಗ 75ಕ್ಕ ಬಂದು ನಿಲ್ಲತೈತಿ. ಎರಡನೇ ವರ್ಷ ಮತ್ತೊಂದು ಹತ್ತು-ಹನ್ನೆರಡು. ಆಮ್ಯಾಲೆ ವರ್ಷಕ್ಕ ಆರೋ ಏಳೋ. ಆದ್ರ ನಿನ್ನ ಮಗನ ನಡಾ ನೋಡು, ಹೋದ ವರ್ಷದ ಚಡ್ಡಿ ನಡಕ್ಕ ಇನ್ನೂ ಬರತೈತಿ, ಕಾಲಿಗಷ್ಟ ಬರೂದಿಲ್ಲ.’

ನಮ್ಮ ಸಿಂಪಿಗರು ಮಾಡುತ್ತಿದ್ದ ತಪ್ಪು ಇಷ್ಟೇ. ‘ದೊಡ್ಡದು’ ಅಂದ ಕೂಡಲೇ ಎಲ್ಲ ದಿಕ್ಕಿಗೂ ಕತ್ತರಿ ಬಿಡುತ್ತಿದ್ದರು. ಮಕ್ಕಳು ಮೇಲಕ್ಕೆ ಬೆಳೆಯುವಷ್ಟು ಅಡ್ಡಕ್ಕೆ ಬೆಳೆಯುವುದಿಲ್ಲ ಎಂಬುದು ಮನೆಯಲ್ಲಿ ಕೈಯಿಂದ ಹೊಲಿಯುತ್ತಿದ್ದ ಅಜ್ಜಿಯರಿಗೆ ಮಾತ್ರ ಗೊತ್ತಿತ್ತು. ಅವರು ಹೊಲಿದ ಪರಕಾರದ ಅಂಚಿನ ಮೇಲೆ ಎರಡು-ಮೂರು ಅಡ್ಡ ಮಡಿಕೆ ಇರುತ್ತಿದ್ದವು. ದೀಪಾವಳಿಗೊಂದು ಮಡಿಕೆ ಬಿಚ್ಚಿದರೆ ಹಳೇ ಪರಕಾರವೇ ಹೊಸ ಅಳತೆಗೆ ಬಂತು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆಯ ಗಾಢ ಗೆರೆಯೊಂದು ಉಳಿಯುತ್ತಿತ್ತು. ಅದರ ಮೇಲೆ ಒಂದು ಬಣ್ಣದ ಲೇಸು ಹಚ್ಚಿದರೆ ಅದೇ ಡಿಸೈನು. ಜಪಾನಿನಲ್ಲೂ ಇದೇ ಬುದ್ಧಿ ಇದೆ. ಮಕ್ಕಳ ಕಿಮೋನೊವನ್ನು ಭುಜದ ಮೇಲೆ, ನಡುವಿನ ಹತ್ತಿರ ಮಡಿಕೆ ಹಾಕಿ ಹೊಲಿಯುತ್ತಾರೆ. ಭುಜದ್ದು ಕಟಾ-ಆಗೆ, ನಡುವಿನದು ಕೋಶಿ-ಆಗೆ. ಮಗು ಬೆಳೆದಂತೆ ಬಿಚ್ಚುತ್ತ ಹೋಗುವುದು. ಸಮುದ್ರದಾಚೆಯ ಅಜ್ಜಿಯರೂ ನಮ್ಮ ಅಜ್ಜಿಯರೂ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡಿರಲಿಲ್ಲ. ಮಕ್ಕಳು ಮಾತ್ರ ಎರಡೂ ಕಡೆ ಒಂದೇ ರೀತಿ ಬೆಳೆಯುತ್ತಿದ್ದವು.

ಈ ಮಾತಿಗೆ ಅವಳು ಫೋನು ತೆಗೆದು ಬೇಲಿಯ ಮೇಲಿಂದ ಚಾಚಿದಳು. ‘ಇದನ್ನ ನೋಡ್ರಿ ಅಕ್ಕೋರ.’ ಲಂಡನ್ನಿನಲ್ಲಿ ರಾಯನ್ ಮಾರಿಯೋ ಯಾಸಿನ್ ಎಂಬಾತ ಮಾಡಿದ ಮಕ್ಕಳ ಉಡುಪು, ಹೆಸರು ಪೆಟಿ ಪ್ಲಿ. ಓದಿದ್ದು ವಿಮಾನದ ಇಂಜಿನಿಯರಿಂಗು. ಉಪಗ್ರಹದ ಫಲಕಗಳನ್ನು ಮಡಚಿ ಕಳಿಸಿ ಆಕಾಶದಲ್ಲಿ ಬಿಚ್ಚುತ್ತಾರಲ್ಲ, ಆ ವಿದ್ಯೆಯನ್ನು ಬಟ್ಟೆಗೆ ಇಳಿಸಿದ್ದಾನೆ. ಇಡೀ ಅಂಗಿಯೇ ಸಣ್ಣ ಸಣ್ಣ ನಿರಿಗೆ. ಮಗು ಬೆಳೆದಂತೆ ನಿರಿಗೆ ಹಿಗ್ಗುತ್ತದೆ. 2017ರಲ್ಲಿ ಅದಕ್ಕೆ ಜೇಮ್ಸ್ ಡೈಸನ್ ಪ್ರಶಸ್ತಿಯ ಬ್ರಿಟನ್ ವಿಭಾಗದ ಬಹುಮಾನ ಬಂತು. ದಿನಾ ಬೆಳಿಗ್ಗೆ ನಿರಿಗೆ ಹಿಡಿದು ಸೀರೆ ಉಡುವ ನಾಡಿನಲ್ಲಿ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆದರೆ ಮೈತುಂಬ ನಿರಿಗೆಯ ಅಂಗಿ ಹಾಕಿಕೊಂಡ ಮಗುವನ್ನು ಧಾರವಾಡದ ಮೇ ತಿಂಗಳಲ್ಲಿ ನೆನೆಸಿಕೊಂಡು ಸುಮ್ಮನಾದೆ. ನಮಗೆ ಎರಡು ಮಡಿಕೆ ಸಾಕು.

‘ಮಡಿಕಿ ಆತು. ಮತ್ತೇನು?’

ಮತ್ತೇನು ಅಂದರೆ, ಶಿಶುವಿಹಾರದ ಬಚ್ಚಲ ಬಾಗಿಲು. ಮಕ್ಕಳ ಬಟ್ಟೆ ಹೊಲಿಯುವವರೆಲ್ಲ ಅಲ್ಲಿ ಒಂದು ಮುಂಜಾನೆ ನಿಲ್ಲಬೇಕು ಎಂಬುದು ನನ್ನ ಮತ. ಕಾಲಿಗೆ ಕಾಲು ತಿಕ್ಕುತ್ತ ಓಡಿಬಂದ ಹುಡುಗ. ಅವನ ಚಡ್ಡಿಗೆ ಒಂದು ಹುಕ್ಕು, ಅದರ ಕೆಳಗೆ ಒಂದು ಗುಂಡಿ, ಅದರ ಕೆಳಗೆ ಜಿಪ್ಪು, ಎಲ್ಲದರ ಮೇಲೆ ಶೋಕಿಗೊಂದು ಬೆಲ್ಟು. ಅಷ್ಟು ಬಾಗಿಲು ತೆಗೆಯುವ ತನಕ ಯಾವ ಮಗು ತಡೆಯುತ್ತದೆ? ಆಮೇಲೆ ‘ಹುಡುಗಗ ಇನ್ನೂ ರೂಢಿ ಇಲ್ಲ’ ಎಂದು ಮಗುವಿನ ಮೇಲೆಯೇ ಅಪವಾದ. ರೋಮ್ ನಗರದಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಲಾಡಿ, ಹೀಗೆ ಮಕ್ಕಳ ಕೈಗೆ ಕೊಟ್ಟು ಕಲಿಸಿದರು. ನಮ್ಮಲ್ಲಿಯೂ ಒಂದು ಸೆಟ್ಟು ಇತ್ತು. ಚೌಕಟ್ಟಿನ ಮೇಲೆ ಚೆಂದಾಗಿ ಗುಂಡಿ ಹಾಕುತ್ತಿದ್ದ ಹುಡುಗಿ ತನ್ನ ಫ್ರಾಕಿನ ಗುಂಡಿಗೆ ಅಳುತ್ತ ನನ್ನ ಹತ್ತಿರ ಬರುತ್ತಿದ್ದಳು. ಬರದೆ ಏನು ಮಾಡುತ್ತಾಳೆ, ಫ್ರಾಕಿನ ಗುಂಡಿ ಇದ್ದದ್ದು ಬೆನ್ನಿಗೆ!

‘ಅಂದ್ರ ಗುಂಡಿ ಮುಂದ, ದೊಡ್ಡ ಗುಂಡಿ’ ಎಂದು ಅವಳು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಳು.

‘ಮೂರು ವರ್ಷದೊಳಗಿನವಕ್ಕ ಗುಂಡಿ ಬ್ಯಾಡ, ಕಿತ್ತಿ ಬಾಯಾಗ ಹಾಕ್ಕೋತಾವ. ಟಿಚ್ ಬಟನ್ ಗಟ್ಟಿ ಬಡಿ. ಚಡ್ಡಿ ಒಂದ ಕೈಲೆ ಎಳದ್ರ ಇಳೀಬೇಕು. ಎದಿ ಮ್ಯಾಲೆ ಒಂದು ಬೆಕ್ಕೋ ಬಾತುಕೋಳಿನೋ ಇರಲಿ. ಚೆಂದಕ್ಕಲ್ಲ, ಮುಂದ ಯಾವುದು ಹಿಂದ ಯಾವುದು ಅಂತ ಅದಕ್ಕ ತಿಳಿಲಿ.’

ತುಳಸಿಕಟ್ಟೆಯ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅವಳ ಅತ್ತೆ ಅಲ್ಲಿಂದಲೇ ಬಾಣ ಬಿಟ್ಟರು. ‘ಲಾಡಿ ಕಟ್ಟಿದ ಜಬಲಾ ಹಾಕ್ಕೊಂಡ ನಿನ್ನ ಗಂಡ ಬೆಳದಾನ. ಏನಾಗೈತಿ ಅವಂಗ?’

ಅವನಿಗೇನಾಗಿದೆ ಎಂದು ಹೇಳಲು ಸೊಸೆಗೆ ಬಹಳ ಇದ್ದಂತಿತ್ತು. ನಾನೇ ನಡುವೆ ಬಾಯಿ ಹಾಕಿದೆ. ಲಾಡಿ ತೊಟ್ಟಿಲಲ್ಲಿ ಅಷ್ಟು ಕೆಟ್ಟದ್ದಲ್ಲ. ಓಡುವ ಮಗುವಿನ ಕೊರಳಲ್ಲಿ ಕೆಟ್ಟದ್ದು. ಅಮೆರಿಕದಲ್ಲಿ ಮಕ್ಕಳ ಮೇಲಂಗಿಯ ಕೊರಳ ಲಾಡಿ ಜಾರುಬಂಡಿಗೆ, ನಡುವಿನ ಲಾಡಿ ಸಾಲಿ ಬಸ್ಸಿನ ಬಾಗಿಲಿಗೆ ಸಿಕ್ಕು ಮಕ್ಕಳ ಜೀವವೇ ಹೋಗಿ, 1996ರಲ್ಲಿ ಅಲ್ಲಿಯ ಗ್ರಾಹಕ ಸುರಕ್ಷತಾ ಆಯೋಗ ಇಂಥ ಲಾಡಿ ಬೇಡವೆಂದು ಮಾರ್ಗಸೂಚಿ ಹೊರಡಿಸಬೇಕಾಯಿತು. ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ‘ಹಂಗಾರ ಬ್ಯಾಡ ಬಿಡವಾ’ ಅಂದರು. ಇಷ್ಟು ಬೇಗ ಅವರು ಸೋತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕೂಸುಗಳ ಬನಿಯನ್ನಿನ ಭುಜದ ಮೇಲೆ ಬಟ್ಟೆ ಒಂದರ ಮೇಲೊಂದು ಹೊದ್ದ ಹಾಗೆ ಇರುತ್ತದಲ್ಲ, ಅದು ಯಾಕೆ ಎಂದು ಕೇಳಿದೆ. ‘ತಲಿ ಹಿಡಸಲೆಂತ.’ ಅದೂ ಹೌದು. ಆದರೆ ಇನ್ನೊಂದಿದೆ. ಕೂಸು ಬೆನ್ನಿನವರೆಗೂ ಹೇಲು ಮಾಡಿಕೊಂಡಾಗ ಆ ಬನಿಯನ್ನನ್ನು ತಲೆಯ ಮೇಲಿಂದ ತೆಗೆಯಬೇಕಾಗಿಲ್ಲ. ಭುಜದಿಂದ ಹಿಗ್ಗಿಸಿ ಕೆಳಗೆ, ಕಾಲಿನ ಕಡೆಗೆ ಎಳೆಯಬಹುದು. ಅವಳು ನನ್ನ ಮುಖ ನೋಡಿದಳು, ಮಗನ ಮುಖ ನೋಡಿದಳು. ಆ ಮಗನ ಕೂದಲು ಎಷ್ಟು ಸಲ ತೊಳೆದಿದ್ದಳೋ ಪಾಪ.

ಇಲ್ಲಿಯವರೆಗೆ ನಾವಿಬ್ಬರೂ ಒಂದೇ ಪಕ್ಷ. ಜಗಳ ಹತ್ತಿದ್ದು ಜೋಡಿ ಬಟ್ಟೆಯ ಮಾತಿಗೆ. ಅಪ್ಪ, ಅವ್ವ, ಮಗ, ಮೂವರಿಗೂ ಒಂದೇ ಅರಿವೆಯಲ್ಲಿ ಹೊಲಿದು ಫೋಟೋ ತೆಗೆಸುವ ಖಯಾಲಿ ಈಗ ಜೋರಾಗಿದೆ. ‘ಅದs ಭಾಳ ಮಾರಾಟ ಆಗತೈತ್ರಿ’ ಅಂದಳು. ನನಗೆ ಅದು ಬ್ಯಾಂಡಿನವರ ಸಮವಸ್ತ್ರ ಕಂಡ ಹಾಗೆ ಕಾಣುತ್ತದೆ. ಜರಿಯ ಕುರ್ತಾದೊಳಗೆ ಬೆವರಿ ಅಳುವ ಮಗುವನ್ನು ಮದುವೆ ಮನೆಗಳಲ್ಲಿ ನೋಡಿ ನೋಡಿ ಸಾಕಾಗಿದೆ. ಒಂದೇ ಥರದ ಬಟ್ಟೆ ಎಲ್ಲ ವಯಸ್ಸಿಗೆ ಚೆಂದ ಕಾಣಬೇಕಾದರೆ ಅದು ಸರಳವಿರಬೇಕು. ಫಿನ್ಲೆಂಡಿನ ಮಾರಿಮೆಕ್ಕೊ ಕಂಪನಿಗೆ ಅನ್ನಿಕಾ ರಿಮಾಲಾ 1968ರಲ್ಲಿ ಮಾಡಿಕೊಟ್ಟ ‘ತಾಸಾರೈತಾ’ ಎಂಬ ಸಮಪಟ್ಟೆಯ ಹತ್ತಿ ಬನಿಯನ್ನು ಹಾಗಿತ್ತು. ಗಂಡು ಹೆಣ್ಣು, ಸಣ್ಣವರು ದೊಡ್ಡವರು ಎಂಬ ಭೇದವಿಲ್ಲದೆ ಹಾಕಿಕೊಳ್ಳಲಿ ಎಂದೇ ಮಾಡಿದ್ದು. ಅದನ್ನು ತೊಟ್ಟು ಮಣ್ಣಲ್ಲೂ ಕೂರಬಹುದು.

ಅಲ್ಲದೆ, ಅವ್ವನ ಬಟ್ಟೆ ಮಗುವಿನ ಬಟ್ಟೆಯಂತೆ ಕಾಣುವುದಕ್ಕಿಂತ ಮಗುವಿಗೆ ಉಪಯೋಗಕ್ಕೆ ಬರುವುದು ದೊಡ್ಡದು. ಹಳೇ ಸೀರೆಯ ಸೆರಗನ್ನು ನೋಡಿ. ಮೂಗು ಒರೆಸಲು ಅದೇ, ಬಿಸಿಲಿಗೆ ಹೊದಿಸಲು ಅದೇ, ಹಾಲುಣಿಸುವಾಗ ಮರೆಗೆ ಅದೇ, ಅಪರಿಚಿತರು ಬಂದರೆ ಮಗು ಅಡಗುವುದು ಅದರ ಹಿಂದೆ, ತುದಿಯಲ್ಲಿ ಗಂಟು ಕಟ್ಟಿದ ಚಿಲ್ಲರೆಯೂ ಅದರಲ್ಲೇ. ಈಗ ಸೀರೆಯ ಜಾಗಕ್ಕೆ ನೈಟಿ, ಕುರ್ತಿ ಬಂದಿವೆ. ಸೆರಗು ಮಾಡುತ್ತಿದ್ದ ಕೆಲಸಗಳನ್ನು ಅವು ಮಾಡುತ್ತವೆಯೇ? ಹಾಲುಣಿಸುವ ನೈಟಿಗೆ ಜಿಪ್ಪು ಇಟ್ಟರು, ಒಳ್ಳೆಯದು. ಅದು ಕೂಸಿನ ಗಲ್ಲಕ್ಕೆ ಗೀರುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಹೆಗಲ ಮೇಲೆ ಕೂಸು ಕಕ್ಕುತ್ತದೆ ಎಂದು ಗೊತ್ತಿದ್ದೂ ಅಲ್ಲಿಯೇ ಕಸೂತಿ ಹಾಕುತ್ತಾರೆ. ಗಂಡಸರ ಅಂಗಿಯಂತೂ ತಂದೆಯಾಗುವ ಸಂಭವವೇ ಇಲ್ಲದವರಿಗೆ ಹೊಲಿದಂತಿರುತ್ತದೆ. ಎದೆಯ ಕಿಸೆಯಲ್ಲಿ ಪೆನ್ನು, ಅದೇ ಎದೆಯ ಮೇಲೆ ಮಲಗುವ ಮಗುವಿನ ಕಣ್ಣು.

‘ಹಂಗಾರ ಜೋಡಿ ಬ್ಯಾಡಂತೀರಿ.’

‘ಅರಿವಿ ಜೋಡಿ ಬ್ಯಾಡ, ಕಿಸೆ ಜೋಡಿ ಇರಲಿ. ನಿನಗೂ ಎರಡು, ಅವಂಗೂ ಎರಡು.’

ಕಿಸೆಯ ವಿಷಯ ಬಂದರೆ ನಾನು ಬೇಗ ನಿಲ್ಲಿಸುವುದಿಲ್ಲ. ಮೂರು ವರ್ಷದವರ ಆಸ್ತಿಯೆಲ್ಲ ಅಲ್ಲೇ ಇರುತ್ತದೆ: ಕಲ್ಲು, ಗುಲಗಂಜಿ ಅಂತ ತಿಳಿದು ಹೆಕ್ಕಿದ ಕೆಂಪು ಮಣಿ, ಅರ್ಧ ಬಿಸ್ಕೀಟು, ಒಮ್ಮೊಮ್ಮೆ ಜೀವಂತ ಹುಳ. ಅಂಗಡಿಯ ಮಕ್ಕಳ ಪ್ಯಾಂಟಿಗೆ ಕಿಸೆಯ ಆಕಾರದ ಹೊಲಿಗೆ ಮಾತ್ರ ಹಾಕಿ ಮೋಸ ಮಾಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ನಿಜವಾದ ಕಿಸೆ ಇಟ್ಟರೆ ಮೊದಲು ಹರಿಯುವುದು ಅದರ ಮೂಲೆ. ಅಮೆರಿಕದ ರೀನೋ ಊರಿನ ಸಿಂಪಿಗ ಜೇಕಬ್ ಡೇವಿಸ್ ಹತ್ತಿರ ಕಟ್ಟಿಗೆ ಕಡಿಯುವವನ ಹೆಂಡತಿ ಬಂದು ಗಂಡನಿಗೆ ಹರಿಯದ ಪ್ಯಾಂಟು ಬೇಕೆಂದು ಕೇಳಿದಳಂತೆ. ಅವನು ಕಿಸೆಯ ಮೂಲೆಗೆ ತಾಮ್ರದ ರಿವೆಟ್ ಬಡಿದುಕೊಟ್ಟ. ಬಟ್ಟೆ ಪೂರೈಸುತ್ತಿದ್ದ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಇಡೀ ಜಗತ್ತಿನ ಜೀನ್ಸು ಒಬ್ಬ ಹೆಂಡತಿಯ ಗೊಣಗಾಟದಿಂದ ಬಂದದ್ದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೂಸುಗಳಿಗೆ ರಿವೆಟ್ ಚುಚ್ಚೀತು. ಮೂಲೆಗೆ ನಾಲ್ಕು ಸಲ ಹಿಂದೆ-ಮುಂದೆ ಹೊಲಿಗೆ ಓಡಿಸಿದರೆ ಸಾಕು. ಮೊಣಕಾಲಿಗೆ ಮೊದಲೇ ಎರಡು ಪದರ. ಹರಿದ ಮೇಲೆ ಹಚ್ಚುವ ತೇಪೆಯನ್ನು ಹರಿಯುವ ಮುಂಚೆಯೇ ಹಚ್ಚುವುದರಲ್ಲಿ ಅವಮಾನವೇನಿದೆ?

ಬಟ್ಟೆ ಯಾವುದು ಎಂದಳು. ಗುಳೇದಗುಡ್ಡದ ಖಣ ಎಂದೆ. ನಮ್ಮಲ್ಲಿ ಕೂಸಿಗೆ ಹೊಲಿಯುವ ಕುಂಚಿಗೆಗೆ ಅದೇ ಅರಿವೆ. ತಲೆ, ಕಿವಿ, ಬೆನ್ನು ಒಂದೇ ತುಂಡಿನಲ್ಲಿ ಮುಚ್ಚುವ ಆ ಕುಂಚಿಗೆಗಿಂತ ಜಾಣ ಉಡುಪು ನಾನು ಕಂಡಿಲ್ಲ. ಖಣದ ಒತ್ತೊತ್ತಾದ ಸಣ್ಣ ಬುಟ್ಟಾಗಳೊಳಗೆ ಸಾರಿನ ಕಲೆ ಅಡಗಿಕೊಳ್ಳುತ್ತದೆ. ಆದರೆ ಮೈಗೆ ತಾಗುವ ಕಡೆ ಮೆತ್ತನೆಯ ಹಳೇ ಹತ್ತಿ ಅಸ್ತರು ಬೇಕು. ಅರಿಸಿಣದ ಕಲೆಗೆ ಹೆದರಬೇಕಾಗಿಲ್ಲ, ಬಿಸಿಲೇ ಅದನ್ನು ತಿನ್ನುತ್ತದೆ. ಧಾರವಾಡದ ಕೆಂಪು ಮಣ್ಣಿಗೆ ಮಾತ್ರ ಯಾವ ಸಾಬೂನೂ ನಾಟುವುದಿಲ್ಲ. ಆಟದ ಚಡ್ಡಿಯನ್ನು ಮೊದಲೇ ಆ ಬಣ್ಣದಲ್ಲಿ ಹೊಲಿಯುವುದು ಶಾಣ್ಯಾತನ.

ಉಳಿದ ಚೂರುಗಳನ್ನು ಎಸೆಯಬೇಡ ಎಂದು ನಾನು ಹೇಳಬೇಕಾಗಲಿಲ್ಲ. ಅವಳ ಅತ್ತೆ ಆಗಲೇ ಕೌದಿಗೆಂದು ಗಂಟು ಕಟ್ಟಿ ಇಟ್ಟಿದ್ದಾರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ಧಿ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿಯ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ್’ ಹಚ್ಚುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬುದು ಅವರ ಲೆಕ್ಕ. ಗಟ್ಟಿತನ ಮುಗಿದ ಮೇಲೂ ಒಂದು ಹೂವಿನ ಖರ್ಚು ಇಟ್ಟುಕೊಳ್ಳುವ ಆ ಲೆಕ್ಕ ನನಗೆ ಬಹಳ ಹಿಡಿಸುತ್ತದೆ.

‘ನಂಬರ್ ಏನಂತ ಹಾಕ್ಲಿ? ಎರಡರಿಂದ ಮೂರು ವರ್ಷ ಅಂತ?’

‘ವಯಸ್ಸು ಬರೀಬ್ಯಾಡ. ಯುರೋಪಿನಾಗ ಎತ್ತರಾ ಬರೀತಾರ: 86, 92, 98, ಆರಾರು ಸೆಂಟಿಮೀಟರಿಗೊಂದು. ವಯಸ್ಸು ಬರದ್ರ ಸಣಕಲ ಹುಡುಗನ ಅವ್ವ ಮನಿಗೆ ಹೋಗಿ ಅಳತಾಳ.’

ಆಗ ಅವಳು ತನ್ನ ಗುಟ್ಟು ಬಿಚ್ಚಿದಳು. ಮಾರಿದ ಬಟ್ಟೆ ಮಗುವಿಗೆ ಸಣ್ಣದಾದಾಗ ತಾನೇ ವಾಪಸ್ ತೆಗೆದುಕೊಳ್ಳುವುದು, ತೇಪೆ ಹಾಕಿ, ಮಡಿಕೆ ಮತ್ತೆ ಮಡಚಿ, ಕಡಿಮೆ ಬೆಲೆಗೆ ಇನ್ನೊಬ್ಬರಿಗೆ ಕೊಡುವುದು. ಮಂದಿ ಹಾಕಿಬಿಟ್ಟ ಅರಿವೆಯನ್ನು ಯಾರು ಕೊಳ್ಳುತ್ತಾರೆ ಎಂದು ನಾನು ಅನುಮಾನಿಸಿದೆ. ಉತ್ತರ ತುಳಸಿಕಟ್ಟೆಯಿಂದ ಬಂತು.

‘ಯಾಕ್ರೀ ಅಕ್ಕೋರ, ಹುಟ್ಟಿದ ಕೂಸಿಗೆ ಮೊದಲಿಗೆ ಹಾಕೂದs ಹಳೇ ಅರಿವಿ. ಇವಂಗ ನಾ ಹಾಕಿದ್ದು ನನ್ನ ಮಗಳ ಮಗಂದು.’ ಆಮೇಲೆ ಅವರೆಕಾಯಿಯ ಬುಟ್ಟಿಯನ್ನು ಬದಿಗಿಟ್ಟು ಸೊಸೆಯ ಕಡೆ ತಿರುಗಿದರು. ‘ಅಂದಂಗ ವಾಪಸ್ ತಂದವರಿಗೆ ಎಷ್ಟು ಕೊಡ್ತಿ? ಅರ್ಧಾ?’

‘ಕಾಲು ಭಾಗ, ಅತ್ತೀ. ಅದೂ ಬಟನ್ ಎಲ್ಲಾ ಇದ್ರ.’