ಬಾಯಿಂದ ಬಂದರೆ ನೆಂಟ

ಬೆಳಿಗ್ಗೆ ನೀವು ಚಪ್ಪರಿಸಿಕೊಂಡು ತಿಂದಿರಲ್ಲ, ಇಡ್ಲಿ, ವಡೆ, ಕಡಲೇಕಾಯಿ ಚಟ್ನಿ? ನಿಮ್ಮ ಮೈಯ ಲೆಕ್ಕದಲ್ಲಿ ಅವೆಲ್ಲ ಪರಕೀಯರೇ. ಯಕಶ್ಚಿತ್ ನೆಗಡಿಯ ವೈರಸ್ಸಿಗೆ ಊರು ಒಂದು ಮಾಡುವ ರೋಗನಿರೋಧಕ ವ್ಯವಸ್ಥೆ, ತಟ್ಟೆಗಟ್ಟಲೆ ಅನ್ಯ ಪ್ರೋಟೀನು ಒಳಗಿಳಿದರೂ ತೆಪ್ಪಗಿರುತ್ತದೆ. ಎಲ್ಲ ಅರಗಿ ಹೋಗುತ್ತದಲ್ಲ ಎನ್ನುತ್ತೀರಾ? ಇಲ್ಲ ಸ್ವಾಮಿ, ಸ್ವಲ್ಪ ಅರಗದೆಯೇ ಕರುಳಿನ ಗೋಡೆ ದಾಟುತ್ತದೆ.

ದಾಟಿದ್ದನ್ನು ಡೆಂಡ್ರೈಟಿಕ್ ಕೋಶಗಳೆಂಬ ಕಾವಲುಗಾರರು ಹಿಡಿದು ಕರುಳಿನ ಪಕ್ಕದ ದುಗ್ಧಗ್ರಂಥಿಗೆ ಒಯ್ಯುತ್ತಾರೆ. ಎ ಜೀವಸತ್ವದಿಂದ ರೆಟಿನೊಯಿಕ್ ಆಮ್ಲ ಮಾಡಿಕೊಳ್ಳುವ ಕಲೆ ಇವರಿಗೆ ಗೊತ್ತು. ಅದು ಸೋಕಿದ ಎಳೆಯ ಟಿ ಕೋಶಗಳು ಜಗಳಗಂಟರಾಗುವ ಬದಲು ಜಗಳ ಬಿಡಿಸುವ ನಿಯಂತ್ರಕ ಟಿ ಕೋಶಗಳಾಗುತ್ತವೆ. ಈ ಕೋಶಗಳ ಬೆನ್ನು ಹತ್ತಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ 2025ರ ನೊಬೆಲ್ ಬಂತು. ಆದರೆ ತಿನ್ನಿಸಿದರೆ ಮೈ ಒಗ್ಗುತ್ತದೆಂಬ ಗುಟ್ಟು ಹಳೆಯದು. 1911ರಲ್ಲೇ ಎಚ್.ಜಿ. ವೆಲ್ಸ್ ಗಿನಿಯಿಲಿಗಳಿಗೆ ಮೊಟ್ಟೆಯ ಪ್ರೋಟೀನು ತಿನ್ನಿಸಿ ನೋಡಿದ್ದರು. ಕಾಲಯಂತ್ರದ ಕಾದಂಬರಿಕಾರ ವೆಲ್ಸ್ ಅಲ್ಲ, ಇವರು ಅಮೆರಿಕದ ವೈದ್ಯರು! ಮೊದಲೇ ತಿಂದಿದ್ದ ಇಲಿಗಳಿಗೆ ಆಮೇಲೆ ಅದನ್ನೇ ಚುಚ್ಚಿದರೂ ಅಲರ್ಜಿಯ ಆಘಾತ ತಟ್ಟಲಿಲ್ಲ.

ಇಷ್ಟಾದರೂ ದೊಡ್ಡವರು ಬುದ್ಧಿ ಹೇಳದೆ ಬಿಟ್ಟಾರೆಯೇ? ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷ ತುಂಬುವ ತನಕ ಕಡಲೇಕಾಯಿ ಕೊಡಬೇಡಿ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅಪ್ಪಣೆ ಮಾಡಿತು. ಅತ್ತ ಇಸ್ರೇಲಿನ ಕೂಸುಗಳು ‘ಬಾಂಬಾ’ ಎಂಬ ಕಡಲೇಕಾಯಿಯ ಕುರುಕಲನ್ನು ವರ್ಷ ತುಂಬುವ ಮೊದಲೇ ಚೀಪುತ್ತಿದ್ದವು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೇಕಾಯಿ ಅಲರ್ಜಿ ಇಸ್ರೇಲಿನವರಿಗಿಂತ ಹತ್ತು ಪಟ್ಟು ಹೆಚ್ಚೆಂದು 2008ರಲ್ಲಿ ಗೊತ್ತಾಯಿತು.

ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಅವರ ತಂಡ ಪರೀಕ್ಷೆಗೇ ಇಳಿಯಿತು. ಇಸುಬು ಇಲ್ಲವೇ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳು. ಅರ್ಧಕ್ಕೆ ಕಡಲೇಕಾಯಿ, ಅರ್ಧಕ್ಕೆ ಪಥ್ಯ. ಐದು ವರ್ಷ ತುಂಬಿದಾಗ ಪಥ್ಯದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ಬರೀ 3. ಫಲಿತಾಂಶ ಬಂದದ್ದು 2015ರಲ್ಲಿ.

ಪಥ್ಯ ಮಾಡಿದವರಿಗೇ ಪೆಟ್ಟು ಯಾಕೆ? ಲ್ಯಾಕ್ ಅವರ ವಾದ ಹೀಗೆ: ಬಾಯಿಗೆ ಕೊಡದಿದ್ದರೂ ಮನೆಯಲ್ಲಿ ಕಡಲೇಕಾಯಿ ಇದ್ದೇ ಇರುತ್ತದೆ. ಅದರ ಪುಡಿ ಇಸುಬಿನಿಂದ ಬಿರಿದ ಚರ್ಮದೊಳಗೆ ನುಸುಳುತ್ತದೆ. ಮುಂಬಾಗಿಲಿಂದ ಬಂದವ ನೆಂಟ, ಹಿತ್ತಿಲ ಗೋಡೆ ಹಾರಿದವ ಕಳ್ಳ. ಆಮೇಲೆ ಅದೇ ಪ್ರೋಟೀನು ಬಾಯಿಂದ ಬಂದರೂ ಮೈ ಕಳ್ಳ ಕಳ್ಳ ಎಂದೇ ಕೂಗುತ್ತದೆ.

‘ನಮ್ಮಜ್ಜಿಗೆ ಇದೆಲ್ಲ ಆಗಲೇ ಗೊತ್ತಿತ್ತು’ ಎಂದು ವಾಟ್ಸ್ಯಾಪ್ ಗುಂಪಿಗೆ ಹಾಕಲು ಬೆರಳು ತುರಿಸುತ್ತಿದೆಯೇ? ತುಸು ತಡೆಯಿರಿ. ಈಗಾಗಲೇ ಅಲರ್ಜಿ ಇರುವವರ ಮೇಲೆ ಈ ಪ್ರಯೋಗ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಕೂಸಿಗೆ ಜೋರು ಇಸುಬಿದ್ದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನುಣ್ಣಗೆ ಅರೆದು ಗಂಜಿಗೆ ಕಲಸಿ ಕೊಡಿ. ಒಮ್ಮೆ ಶುರು ಮಾಡಿದ ಮೇಲೆ ವಾರವಾರವೂ ತಪ್ಪದೆ ತಿನ್ನಿಸುತ್ತಿರಿ.