ಐವತ್ತೈದರ ನಡುಕ

ಹಳೇ ಜೀಪಿನ ಯಜಮಾನರು ಸಕಲೇಶಪುರ, ಮೂಡಿಗೆರೆ ಕಡೆ ಊರಿಗೊಬ್ಬರಾದರೂ ಇರುತ್ತಾರೆ. ಅವರನ್ನು ಗುರುತಿಸಲು ಜೀಪು ಕಣ್ಣಿಗೆ ಬೀಳಬೇಕೆಂದಿಲ್ಲ. ಮದುವೆ ಚಪ್ಪರದಡಿ ಎಲ್ಲರೂ ಮಳೆ ಎಷ್ಟು ಇಂಚು ಬಂತು, ರೋಬಸ್ಟಾ ಚೀಲಕ್ಕೆ ಎಷ್ಟಾಯ್ತು ಎಂದು ಮಾತಾಡುತ್ತಿರುವಾಗ, ಒಬ್ಬರು ಮಾತ್ರ ಸುಮ್ಮನೆ ಕೂತು ನೆಂಟರಿಷ್ಟರ ತೂಕವನ್ನು ಕಣ್ಣಲ್ಲೇ ಅಂದಾಜು ಹಾಕುತ್ತಿದ್ದರೆ, ಅವರೇ ಎಂದು ತಿಳಿಯಿರಿ. ಪಕ್ಕದ ತೋಟದ ನಮ್ಮ ಯಜಮಾನರು ಈ ಪಂಗಡದಲ್ಲಿ ಎತ್ತಿದ ಕೈ.

ಆರ್‌ಸಿ ಪುಸ್ತಕದಲ್ಲಿ ಮಹೀಂದ್ರ ಎಂದಿದೆ. ಅವರ ಬಾಯಲ್ಲಿ ಯಾವತ್ತಿಗೂ ‘ವಿಲ್ಲೀಸ್’. ತಪ್ಪೇನಿಲ್ಲ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಸಿಜೆ-3ಬಿ ಮಾದರಿಯನ್ನೇ ಮಹೀಂದ್ರದವರು ಇಲ್ಲಿ ದಶಕಗಟ್ಟಲೆ ತಯಾರಿಸಿದ್ದು. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯ್ತಂತೆ. ಈ ಕಥೆ ಕೇಳದೆ ಅವರ ಮನೆಯಲ್ಲಿ ಕಾಫಿ ಕುಡಿದು ಬಂದವರಿಲ್ಲ.

ಜೀಪು 50ರವರೆಗೆ ಸುಮ್ಮನಿರುತ್ತಿತ್ತು. ಸುಮ್ಮನೆ ಅಂದರೆ ಹಳೇ ಜೀಪಿನ ಲೆಕ್ಕದಲ್ಲಿ. ಟಾಪು, ಜ್ಯಾಕು, ನಂಬರ್ ಪ್ಲೇಟು ಎಲ್ಲವೂ ಗಲಗಲ ಅನ್ನುತ್ತಲೇ ಇರುತ್ತವೆ. ಅದ್ಯಾವುದೂ ಯಜಮಾನರ ಕಿವಿಗೆ ಬೀಳುವುದಿಲ್ಲ. ಆದರೆ ಮುಳ್ಳು 55 ಮುಟ್ಟಿತೋ, ತಳದಿಂದ ಒಂದು ‘ಝುಂ’ ಏಳುತ್ತಿತ್ತು. ಮಲೆನಾಡಿನ ತಿರುವುಗಳಲ್ಲಿ 55ರ ವೇಗ ಸಿಗುವುದೇ ಅಪರೂಪ. 45ರಲ್ಲಿ ಹೋದರೆ ಮುಗಿಯಿತಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಹಲ್ಲುನೋವಿನವನಿಗೆ ಊಟ ಬಿಡು ಎಂದವನನ್ನು ನೋಡುವಂತೆ ನೋಡಿದರು. ಆ ನಡುಕವನ್ನು ಅನುಭವಿಸುವುದಕ್ಕೆಂದೇ ಅವರು ಭಾನುವಾರ ಹಾಸನದ ಕಡೆ ಹೆದ್ದಾರಿಗೆ ಹೋಗುತ್ತಿದ್ದರು. ಒಬ್ಬರೇ ಅಲ್ಲ. ಪಕ್ಕದ ಸೀಟಿನಲ್ಲಿ ಯಜಮಾನ್ತಿ, ಕೈಯಲ್ಲಿ ನೋಟ್‌ಬುಕ್ಕು.

‘ಈಗ ಗೊತ್ತಾಯ್ತಾ? ಸ್ಟೇರಿಂಗಲ್ಲಲ್ಲ, ಸೀಟಲ್ಲಿ! ಬರ್ಕೋ, ಸೀಟಲ್ಲಿ!’

ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನ ಬಾಬ್ತು ಎಂಬುದು ಗ್ಯಾರೇಜಿನ ಮೊದಲನೇ ಪಾಠ. ಎರಡನೆಯದು, ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ತಂದು ಬಿಡುವುದು. ನಡುಕ ನಿಲ್ಲಲಿಲ್ಲ, ಎಂಜಿನ್ ಖುಲಾಸೆ. ಚಕ್ರ ಬ್ಯಾಲೆನ್ಸ್ ಮಾಡಿಸಿದರು, ಆಮೇಲೆ ಟೈರನ್ನೇ ಬದಲಿಸಿದರು, ಝುಂ ಹಾಗೆಯೇ. ಉಳಿದದ್ದು ಪ್ರೊಪೆಲ್ಲರ್ ಶಾಫ್ಟು. ಯಜಮಾನರು ಮದುವೆ ಕರೆಯೋಲೆಯ ಬೆನ್ನಿಗೆ ಲೆಕ್ಕ ಹಾಕಿದರು. ಹಿಂದಿನ ಡಿಫರೆನ್ಷಿಯಲ್ ಅನುಪಾತ 5.38. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಐದೂ ಕಾಲು ಸುತ್ತು ದಾಟಿರುತ್ತದೆ. 55ರ ಓಟಕ್ಕೆ ನಿಮಿಷಕ್ಕೆ ಸುಮಾರು 2200 ಸುತ್ತು. ಕರೆಯೋಲೆ ಭದ್ರವಾಗಿ ಫೈಲಿಗೆ ಹೋಯಿತು. ಮದುವೆಗೆ ಹೋಗಲು ಮಾತ್ರ ಮರೆತರು.

ವಿಲ್ಲೀಸಿನಲ್ಲಿ ಒಂದು ಅನುಕೂಲವಿದೆ. ಹಿಂದಿನ ಶಾಫ್ಟನ್ನು ಪೂರ್ತಿ ಕಳಚಿಟ್ಟು, ಫ್ರಂಟ್ ಗೇರ್ ಹಾಕಿ, ಮುಂದಿನ ಚಕ್ರಗಳ ಬಲದಿಂದಲೇ ಓಡಿಸಬಹುದು. ಯಜಮಾನರು ಹಾಗೇ ಓಡಿಸಿದರು. ನಡುಕ ಮಾಯ! ಸಂಭ್ರಮದಿಂದ ನಮ್ಮ ಕಣದ ಮೇಲಿನ ಏರಿನಲ್ಲಿ ನಿಲ್ಲಿಸಿ, ಅಭ್ಯಾಸಬಲದಿಂದ ಫ್ರಂಟ್ ಗೇರ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸುದ್ದಿ ಹೇಳಲು ಇಳಿದು ಬಂದರು. ಆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೆ. ಅದು ಚಕ್ರವನ್ನು ಹಿಡಿಯುವುದೇ ಹಿಂದಿನ ಶಾಫ್ಟಿನ ಮೂಲಕ. ಶಾಫ್ಟು ಅವರ ಮನೆಯ ಜಗಲಿ ಮೇಲೆ ಮಲಗಿತ್ತು. ಜೀಪು ನಿಧಾನವಾಗಿ, ಯಾವ ನಡುಕವೂ ಇಲ್ಲದೆ, ಇಳಿದು ಬಂದು ನಾವು ಒಣಗಲು ಹರವಿದ್ದ ಚೆರ್ರಿಯ ನಡುವೆ ನಿಂತಿತು. ‘ನೋಡಿದ್ರಾ, ಎಷ್ಟು ಸ್ಮೂತು!’ ಎಂದರು ಯಜಮಾನರು.

ಕಳ್ಳ ಹಿಂದಿನ ಶಾಫ್ಟೇ ಎಂದು ಖಚಿತವಾದ ಮೇಲೆ ಹೋಸ್ ಕ್ಲಿಪ್ಪಿನ ಕಾಲ ಬಂತು. ಕೊಳವೆಗೆ ಬಿಗಿಯುವ ಎರಡು ಕ್ಲಿಪ್ಪುಗಳನ್ನು ಶಾಫ್ಟಿಗೆ ಹಾಕಿ, ಸ್ಕ್ರೂ ತಲೆಯ ಭಾರವನ್ನು ಅಷ್ಟಷ್ಟೇ ಸರಿಸುತ್ತ, ಓಡಿಸಿ ನೋಡುವುದು. ವಿಧಾನವೇನೋ ಸರಿಯಾದದ್ದೇ, ಶಾಫ್ಟಿನ ಭಾರ ಏರುಪೇರಾಗಿದ್ದರೆ. ಆಗಿರಲಿಲ್ಲ. ಯಜಮಾನರು ಬೆನ್ನ ಮೇಲೆ ಮಲಗಿ ಜೀಪಿನಡಿ ಕಳೆದ ಹೊತ್ತಿನಲ್ಲಿ ಆಳುಗಳು ಆರಾಮಾಗಿ ಎಲೆ ಅಡಿಕೆ ಹಾಕಿದರು. ಆ ವರ್ಷ ಅವರ ತೋಟದಲ್ಲಿ ಮರಗಸಿ ಅರ್ಧವೇ ಆದದ್ದು ಹೀಗೆ.

ತೂಕದ ಗುಟ್ಟು ಬಯಲಾದದ್ದು ಭಾವಮೈದನಿಂದ. ಒಳ್ಳೆ ಮೈಕಟ್ಟಿನ ಆಸಾಮಿ. ಒಂದು ಭಾನುವಾರ ಅವರು ಹಿಂದಿನ ಬೆಂಚಿನಲ್ಲಿ ಕೂತರು, ನಡುಕ ಅರ್ಧಕ್ಕಿಳಿಯಿತು. ಹಿಂದೆ ಭಾರ ಬಿದ್ದರೆ ಬಾಡಿ ಕುಗ್ಗಿ ಶಾಫ್ಟಿನ ಇಳಿಜಾರು ಕಡಿಮೆಯಾಗುತ್ತದೆ ಎಂದು ಯಜಮಾನರಿಗೆ ಹೊಳೆಯಿತು. ಅವತ್ತಿನಿಂದ ನೆಂಟರ ಮರ್ಯಾದೆಯ ಕ್ರಮವೇ ಬದಲಾಯಿತು. ಸಣಕಲು ಚಿಕ್ಕಪ್ಪನಿಗೆ ಬರೀ ಕಾಫಿ, ದಪ್ಪನೆಯ ಸೋದರತ್ತೆಗೆ ಕಡುಬು, ಕೋಳಿ ಸಾರು. ಕಾಫಿ ಮೂಟೆ ಹೇರಿದರಾಗದೇ ಎಂದು ಯಜಮಾನ್ತಿ ಕೇಳಿದರು. ‘ಮೂಟೆ ಬಾಯಿಬಿಟ್ಟು ಹೇಳ್ತದಾ, ನಡುಗ್ತದಾ ಇಲ್ವಾ ಅಂತ?’

ಕೊನೆಗೆ ಮುದಿ ಮೇಸ್ತ್ರಿಯೊಬ್ಬ ಬಂದ. ಕ್ಲಿಪ್ಪು, ಸೀಮೆಸುಣ್ಣದ ಗೆರೆ, ಕರೆಯೋಲೆಗಳ ಫೈಲು ಯಾವುದನ್ನೂ ನೋಡಲಿಲ್ಲ. ಜೀಪಿನಡಿ ತೂರಿ, ಸೀಮೆಎಣ್ಣೆ ಬಟ್ಟೆಯಿಂದ ಸ್ಲಿಪ್ ಜಾಯಿಂಟಿನ ಗ್ರೀಸ್ ಒರೆಸಿದ. ಅಲ್ಲಿ ಎರಡು ಬಾಣದ ಗುರುತು. ಎದುರು ಬದುರಾಗಿರಬೇಕಿತ್ತು, ಒಂದನ್ನೊಂದು ನೋಡದೆ ಮುಖ ತಿರುಗಿಸಿದ್ದವು.

‘ಒಂದು ಕ್ರಾಸು ಓರೆಯಾಗಿ ತಿರುಗ್ವಾಗ ಸುತ್ತಿಗೆ ಎರಡು ಸಲ ಜೋರಾಗ್ತದೆ, ಎರಡು ಸಲ ನಿಧಾನ ಆಗ್ತದೆ ಸಾರ್. ಆಕಡೆ ಕ್ರಾಸು ಅದನ್ನ ಸಮ ಮಾಡ್ಬೇಕು. ಎರಡೂ ಕವೆ ಒಂದೇ ನೇರಕ್ಕಿದ್ರೆ ಮಾಡ್ತದೆ. ಇದನ್ನ ಯಾರೋ ಬಿಚ್ಚಿ, ಹಲ್ಲು ತಪ್ಪಿಸಿ ತುರುಕಿದ್ದಾರೆ.’

ಬಿಚ್ಚಿದ, ತಿರುಗಿಸಿದ, ತುರುಕಿದ. 200 ರೂಪಾಯಿ ಕೇಳಿದ.

‘ಅಪ್ಪನ ಕಾಲದ ಮೆಕ್ಯಾನಿಕ್ಕು. ಅವನಿಗೆ ಕೆಲಸಾನೇ ಬರ್ತಿರ್ಲಿಲ್ಲ’ ಎಂದರು ಯಜಮಾನರು. ಮೇಸ್ತ್ರಿಗೆ ಕಾಫಿ ಕೊಡಲು ಬಂದ ಯಜಮಾನ್ತಿ ಏನೂ ಹೇಳಲಿಲ್ಲ. ನೋಟ್‌ಬುಕ್ಕಿನ ಮೊದಲನೇ ಪುಟ ತೆರೆದು ಲೋಟದ ಪಕ್ಕ ಇಟ್ಟು ಹೋದರು. ಅವರದೇ ದುಂಡು ಅಕ್ಷರ, ಯಜಮಾನರು ಹೇಳಿ ಬರೆಸಿದ್ದು: ‘ಹಿಂದಿನ ಶಾಫ್ಟಿನ ಎರಡೂ ಕ್ರಾಸ್ ಬದಲು. ಕೆಲಸ ಸ್ವಂತ. ಅತ್ಯುತ್ತಮ.’

ಈಗ ಜೀಪು 55ರಲ್ಲಿ ತೆಪ್ಪಗೆ ಹೋಗುತ್ತದೆ. ಹೆದ್ದಾರಿ ಕಡೆ ಯಜಮಾನರ ಓಡಾಟ ನಿಂತಿದೆ. ದಪ್ಪ ನೆಂಟರಿಗೆ ಆಮಂತ್ರಣವೂ ನಿಂತಿದೆ. ಸೋದರತ್ತೆ ವಿಧಿಯಿಲ್ಲದೆ ಒಪ್ಪಿಕೊಂಡರು. ಭಾವಮೈದ ಹಾಗಲ್ಲ. ಮೊನ್ನೆ ಶನಿವಾರ ಸಂಜೆ ಫೋನ್ ಮಾಡಿ, ದನಿ ತಗ್ಗಿಸಿ ಹೇಳಿದರಂತೆ: ‘ಭಾವ, ಅವತ್ತು ಹೇಳೋದು ಮರ್ತೆ. ಹಿಂದೆ ಎಡಗಡೆ ಚಕ್ರದ ಹತ್ರ ಏನೋ ಸಣ್ಣಗೆ ಗೊರಗೊರ ಅಂತಿತ್ತು. ಬೇರಿಂಗೋ ಏನೋ. ನಾಳೆ ಬಂದು ಕೂತು ನೋಡ್ಲಾ?’

ನಾಟಿಕೋಳಿಯನ್ನು ರಾತ್ರಿಯೇ ಹಿಡಿದು ಬುಟ್ಟಿ ಮುಚ್ಚಿಟ್ಟರು.