ಹಿಡಿಯೋದು ನಂದು, ಹೊರಹಾಕೋದು ನಂದಲ್ಲ

ಹರಿಹರದ ಸೇತುವೆ ಕೆಳಗೆ, ತುಂಗಭದ್ರೆಯ ನೀರಲ್ಲಿ ಸಿಕ್ಕ ಗ್ಲೈಸೀನ್ ಎಂಬ ಅಮೈನೊ ಆಮ್ಲದ ಜೊತೆ ನಡೆದ ಮಾತುಕತೆ. ಪ್ರೋಟೀನು ಕಟ್ಟುವ 20 ಅಮೈನೊ ಆಮ್ಲಗಳಲ್ಲಿ ಇವರೇ ಕುಳ್ಳ. ಮಾತು ಮಾತ್ರ ಉದ್ದ.

ಪ್ರಶ್ನೆ: ಯಾವ ಕಡೆಯವರು ತಾವು?

ಗ್ಲೈಸೀನ್: ಉದ್ದಿನಬೇಳೆ ಕಡೆಯವರು ಕಣ್ರಿ. ಬೆಣ್ಣೆದೋಸೆ ಹಿಟ್ಟಿನ ಪಾತ್ರೆ ತೊಳೆದ್ರು, ಬ್ಯಾಕ್ಟೀರಿಯಾ ಪ್ರೋಟೀನು ಕಡಿದವು, ನಾನು ಚರಂಡಿ ಹಿಡಿದು ಹೊಳೆಗೆ ಬಂದೆ.

ಪ್ರಶ್ನೆ: ಸ್ವಭಾವ?

ಗ್ಲೈಸೀನ್: ಊರ ದೇವರದ್ದೇ. 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ. ನನ್ನಲ್ಲೂ ಒಂದು ತುದಿ ಧನ, ಇನ್ನೊಂದು ಋಣ. ಒಟ್ಟು ಲೆಕ್ಕ ಸೊನ್ನೆ. ಅದಕ್ಕೇ ಯಾವ ಪಕ್ಷದವರೂ ಟಿಕೆಟ್ ಕೊಡಲಿಲ್ಲ.

ಪ್ರಶ್ನೆ: ನೀರಲ್ಲಿ ಕರಗಿದ ಲೋಹವನ್ನ ತಾವು ಹಿಡೀತೀರಂತೆ, ಹೇಗೆ?

ಗ್ಲೈಸೀನ್: ಎರಡೂ ಕೈಲಿ. ಒಂದು ಕಡೆ ಸಾರಜನಕ, ಇನ್ನೊಂದು ಕಡೆ ಆಮ್ಲಜನಕ; ಲೋಹವೂ ಸೇರಿ ಐದು ಪರಮಾಣುಗಳ ಉಂಗುರ. ಒಂದೇ ಕೈಲಿ ಹಿಡಿದ್ರೆ ನೀರು ಬಿಡಿಸಿಬಿಡುತ್ತೆ. ತೊಂದರೆ ಏನಂದ್ರೆ, ಸಾರಜನಕದ ಮೇಲೆ ಪ್ರೋಟಾನು ಕೂತಿರುತ್ತೆ. ಪಿಎಚ್ 9.6 ದಾಟಿದ್ರೆ ತಾನಾಗೇ ಏಳುತ್ತೆ. ಹೊಳೆ ನೀರಲ್ಲಿ ಲೋಹವೇ ಬಂದು ನೂಕಬೇಕು. ಆಸಿಡ್ ಸುರಿದ್ರೋ, ಪ್ರೋಟಾನು ಮತ್ತೆ ಹಾಜರ್, ಲೋಹ ಬೀದಿಪಾಲು.

ಪ್ರಶ್ನೆ: ಆಚೆ ದಡದ ಕುಮಾರಪಟ್ಟಣದಲ್ಲಿ ರೇಯಾನ್ ಕಾರ್ಖಾನೆ ಇದೆಯಲ್ಲ, ಅಂಥಲ್ಲಿ ಲೋಹದ ಬಳಕೆ ಉಂಟಾ?

ಗ್ಲೈಸೀನ್: ವಿಸ್ಕೋಸ್ ನೂಲು ತೆಗೆಯೋ ತೊಟ್ಟಿಗೆ ಗಂಧಕಾಮ್ಲದ ಜೊತೆ ಸತುವಿನ ಸಲ್ಫೇಟ್ ಹಾಕೋದು ವಾಡಿಕೆ. 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಹೊಳೆಯ ಮಾಲಿನ್ಯದ ವಿರುದ್ಧ ಹೋರಾಡಿತು. ನನ್ನನ್ನ ಯಾರೂ ಸಾಕ್ಷಿಗೆ ಕರೀಲಿಲ್ಲ. ಕರೆದಿದ್ರೂ ನಂಬೋ ಹಾಗಿಲ್ಲ ಬಿಡ್ರಿ: ತಾಮ್ರ ಬಂದ ಕೂಡ್ಲೇ ಸತುವನ್ನ ಕೈಬಿಡೋ ಪೈಕಿ ನಾನು. ತಾಮ್ರದ ಮೇಲಿನ ಹಿಡಿತ ಸತುವಿಗಿಂತ 1000 ಪಟ್ಟಿಗೂ ಹೆಚ್ಚು ಬಿಗಿ.

ಪ್ರಶ್ನೆ: ಅಂತೂ ತಮ್ಮಿಂದ ಹೊಳೆ ಶುದ್ಧ!

ಗ್ಲೈಸೀನ್: ಹಿಡೀತೀನಿ ಅಂದೆ, ಹೊರಗೆ ಹಾಕ್ತೀನಿ ಅಂದ್ನಾ? ನಾನೂ ಲೋಹವೂ ಕರಗಿಕೊಂಡೇ ಹೊಸಪೇಟೆ ಅಣೆಕಟ್ಟಿನ ಕಡೆ ಹೊರಡ್ತೀವಿ. ಕೆಸರಲ್ಲಿ ಕೂರಬೇಕಾಗಿದ್ದ ಲೋಹವೂ ನನ್ನ ದೆಸೆಯಿಂದ ತೇಲಾಡಬಹುದು. ನಮ್ಮಣ್ಣ ಸಿಸ್ಟೀನ್ ಇನ್ನೂ ಘಾಟಿ, ಅವನದು ಗಂಧಕದ ಕೈ. ಮೀಥೈಲ್ ಪಾದರಸವನ್ನ ಅಪ್ಪಿಕೊಂಡ ಅಂದ್ರೆ ಜೋಡಿ ಥೇಟ್ ನಮ್ಮ ಇನ್ನೊಬ್ಬ ಅಣ್ಣ ಮೆಥಿಯೊನೀನ್ ಥರ! ಮೆದುಳಿನ ಗೇಟಿನವನು ಪರಿಚಯದವರು ಅಂತ ಒಳಗೇ ಬಿಡ್ತಾನೆ.

ಪ್ರಶ್ನೆ: ನೀರು ಪರೀಕ್ಷೆ ಮಾಡೋರಿಗೆ ಏನಾದರೂ ಕಿವಿಮಾತು?

ಗ್ಲೈಸೀನ್: ಬಿಡಿ ಅಯಾನು ಅಳೆಯೋ ಎಲೆಕ್ಟ್ರೋಡ್ ಅದ್ದಿದ್ರೆ ನಾವು ಜೋಡಿಗಳು ಲೆಕ್ಕಕ್ಕೇ ಸಿಗಲ್ಲ. ನೈಟ್ರಿಕ್ ಆಮ್ಲ ಹಾಕಿ ಕುದಿಸಿದ್ರೆ ಬಾಯಿ ಬಿಡ್ತೀವಿ. ಇದನ್ನ ಪೇಪರಲ್ಲಿ ಹಾಕಬೇಡ್ರಿ ಮತ್ತೆ.